"ಸದ್ದು ಬಂದ್ರೆ ನಾಲ್ಕೂ ಶಾಕ್ ಬದಲಿಸಿ": ಫಾರ್ವರ್ಡ್ ಮೇಲೆ ನಡೆದ ಚರ್ಚೆ

ಗುಂಪು: ಆಟೊಮೊಬೈಲ್ ಡಿಪ್ಲೊಮಾ 2006, ಬೆಂಗಳೂರು

ಶನಿವಾರ

ಪ್ರಶಾಂತ್, 7:42
ಹಲವು ಬಾರಿ ಫಾರ್ವರ್ಡ್ ಆಗಿದೆ
*ಕಾರಿನ ಎತ್ತರ ಇಳಿಸಿದ ಮೇಲೆ ಸದ್ದಾ? ಸವಾರಿ ಒರಟಾ?* 1) ನಾಲ್ಕೂ ಶಾಕ್ ಅಬ್ಸಾರ್ಬರ್ ಬದಲಿಸಿ. 2) ಬಂಪ್ ಸ್ಟಾಪರ್ (ಶಾಕ್ ತಳ ಮುಟ್ಟದಂತೆ ತಡೆಯುವ ಮೆತ್ತೆ) ಕಿತ್ತುಹಾಕಿ, ಒರಟುತನಕ್ಕೆ ಅದೇ ಕಾರಣ. 3) ಆಮೇಲೂ ಸದ್ದಿದ್ದರೆ ಸ್ಪ್ರಿಂಗ್ ಅರ್ಧ ಸುತ್ತು ಕತ್ತರಿಸಿ. ಎಲ್ಲರಿಗೂ ಕಳಿಸಿ.

ಪ್ರಶಾಂತ್, 7:44
ಇದು ಸರೀನಾ? ಪೋಲೋ, 68,000 ಕಿಮೀ. 40 ಮಿಮೀ ಇಳಿಸೋ ಸ್ಪ್ರಿಂಗ್, ಶಾಕ್ ಕಂಪನಿಯವೇ. 17 ಇಂಚಿನ ಚಕ್ರ, 215/40 ಟೈರು. ಹಂಪಲ್ಲಿ ಧಡ್ ಅಂತ ಹೊಡೀತಿದೆ, ಸಣ್ಣ ಗುಂಡಿಗೆಲ್ಲ ಮುಂದೆ ಕಟಕಟ. ಗ್ಯಾರೇಜಲ್ಲೂ ಶಾಕ್ ಅಂತಾನೇ ಹೇಳ್ತಿದ್ದಾರೆ.

ನಾಗರಾಜ್, 7:51
ಮೊದಲನೇ ಸಾಲು ಸರಿಯಾಗೇ ಇದೆ ಗುರು. 68 ಸಾವಿರ ಓಡಿರೋ ಶಾಕ್ ಮೇಲೆ ಗಟ್ಟಿ ಸ್ಪ್ರಿಂಗ್ ಕೂರಿಸಿದ್ರೆ ಅದು ಎಷ್ಟು ದಿನ ತಡ್ಕೊಳ್ಳುತ್ತೆ? ಕಂಪನಿ ಶಾಕಿನ ರೀಬೌಂಡ್ ಕಂಪನಿ ಸ್ಪ್ರಿಂಗಿಗೆ ಲೆಕ್ಕ ಹಾಕಿರೋದು. ಗಟ್ಟಿ ಸ್ಪ್ರಿಂಗು ವಾಪಸ್ ಒದೆಯೋದನ್ನ ಅದು ಹಿಡಿಯಲ್ಲ. ಎರಡು, ಮೂರು ಮಾತ್ರ ಯಾರೂ ಮಾಡಬೇಡಿ.

ಸವಿತಾ, 7:58
ನಾಗರಾಜ, ಶಾಕ್ ಸತ್ತಿದ್ರೆ ಕಾರು ತೇಲುತ್ತೆ, ಹಂಪು ದಾಟಿದ ಮೇಲೆ ಇನ್ನೆರಡು ಸಲ ಕುಣಿಯುತ್ತೆ. ಇವನು ಹೇಳ್ತಿರೋದು ಒರಟು ಅಂತ. ಎರಡೂ ಬೇರೆ ದೂರು. ದೂರು ಕೇಳದೇ ಪಾರ್ಟ್ ಹೆಸರು ಹೇಳೋದು ಹೇಗೆ?

ನಾಗರಾಜ್, 8:03
ಸತ್ತ ಶಾಕ್ ಇದ್ದಾಗ ಕಾರು ಜೋರಾಗಿ ಕೂತು ಸ್ಟಾಪರಿಗೆ ಬಡಿಯುತ್ತೆ. ಸೀಟಲ್ಲಿ ಕೂತವರಿಗೆ ಅದೂ ಒರಟೇ ಕಣಮ್ಮ.

ಸವಿತಾ, 8:09
ಅದು ಒಪ್ಪಿದೆ. ಹಾಗಾದ್ರೆ ಯಾವುದು ಅಂತ ಅಳೆದು ಹೇಳೋಣ. ಪ್ರಶಾಂತ, ಟೈರಲ್ಲಿ ಗಾಳಿ ಎಷ್ಟಿದೆ? ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ ನೋಡಿದ್ದು ಹೇಳು, ಓಡಿಸಿ ಬಂದ ಮೇಲಿನದಲ್ಲ.

ಪ್ರಶಾಂತ್, 8:20
38. ರಿಮ್ ಬಗ್ಗಬಾರದು ಅಂತ ಜಾಸ್ತಿ ತುಂಬಿಸಿದ್ದು.

ಸವಿತಾ, 8:26
ನೋಡು, ಒರಟುತನದ ಒಂದು ಪಾಲು ಇಲ್ಲೇ ಸಿಕ್ತು. ಮೊದಲಿದ್ದ 185/60 R15 ಟೈರಿನ ಗೋಡೆ 111 ಮಿಮೀ. 215/40 ರದ್ದು 86. ಗುಂಡಿಯ ಅಂಚನ್ನ ನುಂಗೋಕೆ ಇದ್ದ ರಬ್ಬರಲ್ಲಿ 25 ಮಿಮೀ ಹೋಯ್ತು, ಉಳಿದದ್ದನ್ನೂ ಗಾಳಿ ತುಂಬಿ ಕಲ್ಲು ಮಾಡಿದ್ದೀಯ. ಕಾರಿನ ಮೇಲೆ ಕಂಪನಿ ಅಂಟಿಸಿರೋ ಗಾಳಿ ಸ್ಟಿಕ್ಕರ್‌ನಲ್ಲಿರೋ ಅಂಕಿಗೆ ತಾ. ಹೊಸ ಟೈರಿನ ಲೋಡ್ ಇಂಡೆಕ್ಸ್ (ಎಷ್ಟು ಭಾರ ಹೊರುತ್ತೆ ಅನ್ನೋ ಸಂಖ್ಯೆ) ಹಳೇದಕ್ಕಿಂತ ಕಡಿಮೆ ಇದ್ರೆ ಒಂದೆರಡು ಪಿಎಸ್‌ಐ ಮೇಲಿರಲಿ, 38 ಬೇಡ. ಸಿರ್ಸಿ ಸರ್ಕಲ್ ಫ್ಲೈಓವರ್ ಮೇಲೆ ಜಾಯಿಂಟಿಗೊಂದು ಸಲ ಬಡಿಯುತ್ತಲ್ಲ, ಅಲ್ಲಿ 40 ರಲ್ಲಿ ಹೋಗು. ಗಾಳಿ ಇಳಿಸೋ ಮುಂಚೆ ಒಮ್ಮೆ, ಆಮೇಲೆ ಒಮ್ಮೆ. ಅಲ್ಲಿ ಕಡಿಮೆಯಾಗಿದ್ದು ಟೈರಿನ ಪಾಲು.

ಇಮ್ರಾನ್, 8:40
ಕಟಕಟ ಬೇರೆ ವಿಷಯ ಮಗಾ. ಹಂಪನ್ನ ನೇರಕ್ಕೆ ಹತ್ತಿಸಿದಾಗ ಬರುತ್ತೋ, ಓರೆಯಾಗಿ ಹತ್ತಿಸಿದಾಗ ಬರುತ್ತೋ?

ಪ್ರಶಾಂತ್, 8:47
ಓರೆ. ನೇರಕ್ಕೆ ಹೋದ್ರೆ ಧಡ್ ಮಾತ್ರ.

ಇಮ್ರಾನ್, 8:55
ಹಾಗಾದ್ರೆ ಮೊದಲ ಅನುಮಾನ ಲಿಂಕ್ ರಾಡ್. ತಿರುವಲ್ಲಿ ಕಾರು ವಾಲದ ಹಾಗೆ ಹಿಡಿಯೋ ಸ್ಟೆಬಿಲೈಜರ್ ಬಾರನ್ನ ಚಕ್ರದ ಕಡೆಗೆ ಜೋಡಿಸೋ ಕಡ್ಡಿ ಅದು. ಎರಡೂ ಚಕ್ರ ಒಟ್ಟಿಗೆ ಎದ್ರೆ ಸ್ಟೆಬಿಲೈಜರ್ ಬಾರ್ ತಿರುಚಲ್ಲ, ಲಿಂಕಿಗೆ ಕೆಲಸ ಇರಲ್ಲ. ಒಂದೇ ಚಕ್ರ ಎದ್ದಾಗ ಮಾತ್ರ ಅದರ ಬಾಲ್ ಜಾಯಿಂಟ್ ಮಾತಾಡುತ್ತೆ. ಕಾರು ಇಳಿಸಿದಾಗ ಲಿಂಕಿನ ಕೋನವೂ ಬದಲಾಗಿರುತ್ತೆ, ಬಾಲ್ ಓರೆಯಾಗಿ ಕೂತು ಬೇಗ ಸವೆಯುತ್ತೆ.
ನೋಡೋವಾಗ ಒಂದೇ ಕಡೆ ಜಾಕಿ ಕೊಡಬೇಡ. ಬಾರ್ ತಿರುಚಿಕೊಂಡು ಲಿಂಕನ್ನ ಬಿಗಿ ಹಿಡಿಯುತ್ತೆ, ಆಟ ಇದ್ರೂ ಕೈಗೆ ಸಿಗಲ್ಲ. ನಾಲ್ಕೂ ಚಕ್ರ ರ‍್ಯಾಂಪ್ ಮೇಲಿದ್ದಾಗ ಲಿಂಕ್ ಹಿಡಿದು ಅಲ್ಲಾಡಿಸು. ಅದರಲ್ಲೂ ತಿಳಿಯದಿದ್ರೆ ಎರಡೂ ಲಿಂಕ್ ಬಿಚ್ಚಿ ಬಾರನ್ನ ಯಾವುದಕ್ಕೂ ತಾಗದ ಹಾಗೆ ಕಟ್ಟಿ, ಬೀದಿಯಲ್ಲೇ 20 ರಲ್ಲಿ ಒಂದು ಸುತ್ತು. ತಿರುವಲ್ಲಿ ಕಾರು ವಾಲುತ್ತೆ, ಜೋರು ಬೇಡ. ಸದ್ದು ನಿಂತ್ರೆ ಲಿಂಕೇ, ಇಲ್ಲಾ ಬಾರಿನ ರಬ್ಬರ್ ಬುಷ್.

ನಾಗರಾಜ್, 9:02
ಶಾಕಿನ ಮೇಲ್ತುದಿಯನ್ನ ಬಾಡಿಗೆ ಹಿಡಿದಿಡೋ ಟಾಪ್ ಮೌಂಟ್ ಬಿಟ್ಟೆಯಲ್ಲಪ್ಪ. ಸ್ಪ್ರಿಂಗ್ ಬದಲಿಸೋವಾಗ ಬಿಚ್ಚೋದೇ ಅದನ್ನ.

ಇಮ್ರಾನ್, 9:11
ಹೌದು, ಅದನ್ನೂ ನೋಡಬೇಕು. ಎಂಜಿನ್ ಆನ್ ಮಾಡಿ ನಿಂತಲ್ಲೇ ಒಬ್ಬರು ಸ್ಟೀರಿಂಗ್ ಪೂರ್ತಿ ತಿರುಗಿಸಲಿ, ಇನ್ನೊಬ್ಬರು ಸ್ಪ್ರಿಂಗಿನ ಹೊರಮೈಗೆ ಅಂಗೈ ಒತ್ತಿ ಇಡಲಿ. ಸುತ್ತುಗಳ ನಡುವೆ ಬೆರಳು ಹಾಕಬಾರದು. ಸ್ಪ್ರಿಂಗ್ ನಯವಾಗಿ ತಿರುಗಿದ್ರೆ ಮೌಂಟಿನ ಬೇರಿಂಗ್ ಚೆನ್ನಾಗಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಟೊಂಯ್ ಅಂತ ಹಾರಿದ್ರೆ ಬೇರಿಂಗ್ ಹಿಡಿದಿದೆ, ಇಲ್ಲಾ ಸ್ಪ್ರಿಂಗಿನ ತುದಿ ತಟ್ಟೆಯ ಗುಂಡಿಯಲ್ಲಿ ಕೂತಿಲ್ಲ.
ಮೇಲಿನ ನಟ್ಟನ್ನ ಇಂಪ್ಯಾಕ್ಟ್ ಗನ್ನಲ್ಲಿ ಬಿಗಿ ಮಾಡಿದ್ರೆ ಶಾಕಿನ ರಾಡೇ ಗಿರಗಿರ ತಿರುಗುತ್ತೆ. ಸೀಲು ಕೆಡುತ್ತೆ, ನಟ್ಟಿಗೆ ಸರಿಯಾದ ಟಾರ್ಕ್ (ಬಿಗಿಯ ಅಳತೆ) ಬಂದಿರಲ್ಲ. ರಾಡ್ ಹಿಡಿಯೋಕೆ ಎಲೆನ್ ಕೀ, ನಟ್ಟಿಗೆ ಪಾನಾ, ಕೊನೆಗೆ ಟಾರ್ಕ್ ರೆಂಚ್.

ಸವಿತಾ, 9:15
ಚಕ್ರ ಗಾಳಿಯಲ್ಲಿ ತೂಗಾಡ್ತಿರೋವಾಗ ಸ್ಪ್ರಿಂಗ್ ಕೈಯಲ್ಲಿ ತಿರುಗುತ್ತಾ ನೋಡೋದೂ ಮರೀಬೇಡ. ಗಿಡ್ಡ ಸ್ಪ್ರಿಂಗ್ ಸಡಿಲ ಬಿದ್ರೆ ಹಂಪು ಇಳಿಯೋವಾಗ ಟಣ್ ಅನ್ನುತ್ತೆ. ಫಾರ್ವರ್ಡ್ ಹೇಳಿದ ಹಾಗೆ ಕತ್ತರಿಸಿದ್ರೆ ಸಡಿಲ ಇನ್ನೂ ಜಾಸ್ತಿ, ತುದಿ ಕೂರೋಕೆ ಜಾಗವೂ ಇರಲ್ಲ. ಗ್ಯಾಸ್ ಕಟ್ಟರ್ ಹಿಡಿದ್ರೆ ಉಕ್ಕಿನ ಹದವೇ ಹೋಗುತ್ತೆ. ಸ್ಪ್ರಿಂಗ್ ಸ್ಥಾನ ಬಿಟ್ಟು ಹಾರಿದ್ರೆ ಪ್ರಾಣಕ್ಕೆ ಅಪಾಯ. ಪ್ರಶಾಂತ, ದಯವಿಟ್ಟು ಆ ಸಂದೇಶವನ್ನ ಇನ್ನೆಲ್ಲೂ ಕಳಿಸಬೇಡ.

ಗೋಪಾಲಯ್ಯ ಸರ್, 9:48
ಎಲ್ಲರದ್ದೂ ಓದಿದೆ. ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳು, ಅಂದರೆ ಲೋಯರ್ ಆರ್ಮ್, ಅದರ ಬುಷ್ ಯಾವ ಎತ್ತರದಲ್ಲಿ ಬಿಗಿ ಆಗಿದೆ ಪ್ರಶಾಂತ?

ಪ್ರಶಾಂತ್, 9:55
ಸರ್, ನಮಸ್ಕಾರ. ಆರ್ಮ್ ಬೋಲ್ಟ್ ಮುಟ್ಟೇ ಇಲ್ಲವಂತೆ. ಸ್ಟ್ರಟ್ (ಶಾಕ್, ಸ್ಪ್ರಿಂಗ್ ಸೇರಿದ ಜೋಡಣೆ) ಮಾತ್ರ ಬಿಚ್ಚಿ ಹಾಕಿದ್ದಂತೆ.

ಗೋಪಾಲಯ್ಯ ಸರ್, 10:12
ಮುಟ್ಟದೇ ಇದ್ದದ್ದೇ ತಪ್ಪು ಕಣಯ್ಯ. ಬುಷ್ ಒಳಗಿನ ಕಬ್ಬಿಣದ ಕೊಳವೆಯನ್ನು ಬೋಲ್ಟ್ ಅದುಮಿ ಹಿಡಿದಿರುತ್ತದೆ, ಹೊರಗಿನ ಬಳೆ ಆರ್ಮ್ ಜೊತೆ ತಿರುಗುತ್ತದೆ. ನಡುವಿನ ರಬ್ಬರ್ ಎರಡಕ್ಕೂ ಅಂಟಿಕೊಂಡಿದೆ, ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಬಿಗಿ ಮಾಡಿದ್ದು ಹಳೆಯ ಎತ್ತರಕ್ಕೆ. ನೀನು 40 ಮಿಮೀ ಇಳಿಸಿದೆ. ಆರ್ಮ್ ಉದ್ದ 350 ಮಿಮೀ ಎಂದಿಟ್ಟುಕೋ, ಸುಮಾರು 6.5 ಡಿಗ್ರಿ. ಕಾರು ನಿಂತಿರುವಾಗಲೂ ರಬ್ಬರ್ ಅಷ್ಟು ತಿರುಚಿಕೊಂಡೇ ಇದೆ, ಹಂಪು ಹತ್ತಿದರೆ ಅದರ ಮೇಲೆ ಇನ್ನಷ್ಟು. ತಿರುಚಿದ ರಬ್ಬರ್ ತಾನೇ ಒಂದು ಸ್ಪ್ರಿಂಗ್ ಆಗುತ್ತದೆ, ಸವಾರಿ ಬಿಗಿಯಾಗುತ್ತದೆ, ಕಿರ್ ಕಿರ್ ಶುರುವಾಗಿ ಕೊನೆಗೆ ಹರಿಯುತ್ತದೆ. ಕಾರು ಈಗಿನ ಎತ್ತರದಲ್ಲಿ ಚಕ್ರದ ಮೇಲೆ ಕೂತಿರುವಾಗಲೇ ಬೋಲ್ಟ್ ಸಡಿಲಿಸಿ ಮತ್ತೆ ಬಿಗಿ ಮಾಡಬೇಕು. ಚಕ್ರ ತೂಗಾಡುವಾಗ ಬಿಗಿ ಮಾಡುವವರ ಕೈಯಲ್ಲಿ ಇದಕ್ಕಿಂತಲೂ ಹೆಚ್ಚು ಕೆಡುತ್ತದೆ.

ನಾಗರಾಜ್, 10:20
ಸರ್, ಕಾರು ಚಕ್ರದ ಮೇಲೇ ನಿಲ್ಲೋ ನಾಲ್ಕು ಕಂಬದ ಲಿಫ್ಟ್ ಎಲ್ಲ ಗ್ಯಾರೇಜಲ್ಲೂ ಇರಲ್ಲ. ಎರಡು ಕಂಬದ್ದರಲ್ಲಿ ಚಕ್ರ ತೂಗಾಡ್ತಾನೇ ಇರುತ್ತೆ.

ಗೋಪಾಲಯ್ಯ ಸರ್, 10:34
ಅದಕ್ಕೂ ದಾರಿ ಇದೆ. ಕಾರು ನೆಲದ ಮೇಲಿದ್ದಾಗ ಚಕ್ರದ ಹಬ್ಬಿನ ನಡುವಿನಿಂದ ಅದರ ಮೇಲಿನ ಫೆಂಡರ್ ಅಂಚಿನವರೆಗೆ ಅಳೆದು ಬರೆದುಕೊಳ್ಳಿ, ನಾಲ್ಕೂ ಕಡೆ. ಕಾರು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬೋಲ್ಟ್ ಸಡಿಲ ಮಾಡಿ, ಬಾಲ್ ಜಾಯಿಂಟ್ ಹತ್ತಿರ ಆರ್ಮ್ ಕೆಳಗೆ ಜಾಕಿ ಕೊಟ್ಟು ಅದೇ ಅಳತೆ ಬರುವವರೆಗೆ ಎತ್ತಿ, ಆಗ ಟಾರ್ಕ್ ಕೊಡಿ. ಅಳತೆ ಬರುವ ಮೊದಲೇ ಕಾರು ಸ್ಟ್ಯಾಂಡಿನಿಂದ ಏಳುವ ಹಾಗಾದರೆ ಅಲ್ಲೇ ನಿಲ್ಲಿಸಿ, ಮುಂದೆ ಹೋಗಬೇಡಿ. ಅಂಥ ಕಾರನ್ನು ರ‍್ಯಾಂಪ್ ಮೇಲೆಯೇ ಮಾಡಬೇಕು.
ಬೋಲ್ಟ್ ಅಡ್ಡಕ್ಕೆ ಹೋಗುವ ಬುಷ್‌ಗಳಿಗೆ ಇದು ಮುಖ್ಯ. ಹಿಂದಿನ ಎರಡು ಚಕ್ರ ಜೋಡಿಸುವ ಬೀಮ್‌ನ ಬುಷ್, ಹಿಂದಿನ ಶಾಕಿನ ಕೆಳಗಿನ ಕಣ್ಣು, ಇವಕ್ಕೂ ಇದೇ ನಿಯಮ. ಟಾರ್ಕ್ ಆದ ಮೇಲೆ 90 ಡಿಗ್ರಿ ತಿರುಗಿಸು ಎಂದು ಕೈಪಿಡಿಯಲ್ಲಿ ಬರೆದಿರುವ ಬೋಲ್ಟ್ ಹಿಗ್ಗುವಂಥದ್ದು, ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು.

ಸವಿತಾ, 10:41
ಪ್ರಶಾಂತ, ಧಡ್ ಅನ್ನೋದಕ್ಕೆ ಕೇಬಲ್ ಟೈ ಹಾಕಿ ನೋಡು. ಡಸ್ಟ್ ಕವರ್ ಮೇಲೆತ್ತಿ, ಶಾಕಿನ ಹೊಳೆಯೋ ರಾಡಿಗೆ ಟೈ ಕಟ್ಟಿ ಕೆಳಗೆ ಶಾಕಿನ ಮೈಗೆ ತಾಗಿಸಿಡು. ತುಂಬಾ ಬಿಗಿ ಬೇಡ, ಬೆರಳಲ್ಲಿ ತಳ್ಳಿದ್ರೆ ಜಾರಬೇಕು. ಮೊದಲು ಕಾರು ನಿಂತಾಗ ಶಾಕಿನ ಮೈಗೂ ಬಂಪ್ ಸ್ಟಾಪರಿಗೂ ನಡುವೆ ಎಷ್ಟು ಜಾಗ ಅಂತ ಅಳಿ. ಆಮೇಲೆ ದಿನಾ ಹೋಗೋ ದಾರಿಯಲ್ಲೇ ಓಡಿಸಿ ಬಾ. ಟೈ ನಿಂತ ಜಾಗವೇ ಶಾಕ್ ಎಲ್ಲಿವರೆಗೆ ಕೂತಿದೆ ಅಂತ ತೋರಿಸುತ್ತೆ.

ಭಾನುವಾರ

ಪ್ರಶಾಂತ್, 13:05
ಗಾಳಿ 34 ಕ್ಕೆ ಇಳಿಸಿದೆ, ಫ್ಲೈಓವರ್ ಜಾಯಿಂಟ್ ಎಷ್ಟೋ ವಾಸಿ. ಎಡ ಮುಂದಿನ ಲಿಂಕ್ ರಾಡಿನ ಮೇಲಿನ ಬಾಲ್ ಕೈಯಲ್ಲೇ ಲೊಡಲೊಡ. ಬೇರಿಂಗ್ ನಯವಾಗಿದೆ. ಸ್ಟಾಪರಿನ ಜಾಗ ಎಡಕ್ಕೆ 12 ಮಿಮೀ, ಬಲಕ್ಕೆ 11. ಟೈ ಸ್ಟಾಪರ್ ಒಳಕ್ಕೆ ಹೂತು ಕೂತಿತ್ತು. ಸ್ಪ್ರಿಂಗ್ ಜೊತೆ ಬಂದ ಹಾಳೆಯಲ್ಲಿ ಮುಂದಿನ ಸ್ಟಾಪರ್ 20 ಮಿಮೀ ಕತ್ತರಿಸಿ ಅಂತ ಇದೆ, ಕತ್ತರಿಸೇ ಇಲ್ಲ.

ಸವಿತಾ, 13:14
ಇದೇ ನಾನು ಹೇಳಿದ್ದು. 12 ಮಿಮೀ ಕೂತ ಕೂಡಲೇ ಕಾರಿನ ಭಾರ ಸ್ಟಾಪರಿಗೂ ಬೀಳ್ತಿದೆ. ನಾಗರಾಜ, ಅದೇ ಅಳತೆಯ ಹೊಸ ಶಾಕ್ ಹಾಕಿದ್ರೂ ಅಲ್ಲಿ ಇರೋದು ಅದೇ 12 ಮಿಮೀ. ನಾಲ್ಕು ಶಾಕಿನ ದುಡ್ಡು ಕೊಟ್ಟು ಅದೇ ಧಡ್ ಕೇಳಬೇಕಿತ್ತು.

ನಾಗರಾಜ್, 13:22
ಮುಂದಿನದ್ದಕ್ಕೆ ನಿನ್ನ ಮಾತು ಒಪ್ಪಿದೆ. ಹಿಂದಿನ ಶಾಕ್ ನೋಡಿದ್ಯಾ ಪ್ರಶಾಂತ? ಮೇಲೆ ತೆಳುವಾಗಿ ಎಣ್ಣೆ ಬೆವರಿದ ಹಾಗಿದ್ರೆ ಚಿಂತೆ ಇಲ್ಲ. ಧೂಳು ಅಂಟಿ ಕೆಸರಾಗಿ ಕೆಳಗಿನವರೆಗೆ ಒದ್ದೆ ಇದ್ರೆ ಹೋಗಿದೆ.

ಪ್ರಶಾಂತ್, 13:31
ಬಲ ಹಿಂದಿನದು ಕೆಳಗಿನ ಕಣ್ಣಿನವರೆಗೆ ಒದ್ದೆ.

ನಾಗರಾಜ್, 13:35
ಅದು ಮುಗೀತು. ಹಿಂದಿನವೆರಡೂ ಜೊತೆಗೇ ಬದಲಿಸು, ಒಂದೇ ಹಾಕಿದ್ರೆ ಎಡಬಲ ಹದ ತಪ್ಪುತ್ತೆ. ಇಳಿಸಿದ ಕಾರಿಗೆ ಅಂತಾನೇ ಬರೋ ಗಿಡ್ಡ ಮೈಯ ಶಾಕ್ ಕೇಳು, ಕಂಪನಿ ಅಳತೆಯದ್ದು ಬೇಡ.

ಇಮ್ರಾನ್, 13:44
ಲಿಂಕ್ ರಾಡ್ ಜೆಸಿ ರೋಡಲ್ಲಿ ಸಿಗುತ್ತೆ, ಎರಡೂ ಕಡೆಗೆ ತಗೋ. ಹಳೇದನ್ನ ಕೈಯಲ್ಲೇ ಹಿಡ್ಕೊಂಡು ಹೋಗು, ಬಾಲ್ ನಡುವಿನಿಂದ ಬಾಲ್ ನಡುವಿಗೆ ಅಳೆಸು. ಉದ್ದ ಹೊಂದಿಸೋ ತರದ್ದು ಸಿಕ್ರೆ ಅದೇ ಒಳ್ಳೇದು.

ಸವಿತಾ, 13:50
ಸ್ಟಾಪರ್ ಹಾಳೆಯಲ್ಲಿರೋ 20 ಮಿಮೀ ಮಾತ್ರ, ಒಂದು ಎಳೆಯೂ ಜಾಸ್ತಿ ಬೇಡ. ಪೂರ್ತಿ ತೆಗೆದ್ರೆ ಶಾಕಿನ ಪಿಸ್ಟನ್ ತಳಕ್ಕೆ ಹೊಡೆದು ವಾಲ್ವ್ ಒಡೆಯುತ್ತೆ. ಕತ್ತರಿಸಿದ ಮೇಲೆ ಚಕ್ರ ಇನ್ನೂ ಮೇಲೆ ಬರುತ್ತೆ, ಅದಕ್ಕೆ ನಾಲ್ಕು ಜನರನ್ನ ಕೂರಿಸಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರಿಗೆ ಟೈರ್ ತಾಗುತ್ತಾ ನೋಡು. ಶಾಸ್ತ್ರದ ಪ್ರಕಾರ ಕಟ್ಟಿದ ಹಂಪು 3.7 ಮೀಟರ್ ಅಗಲ, 10 ಸೆಂಮೀ ಎತ್ತರ. ನಮ್ಮ ಬೀದಿಗಳಲ್ಲಿರೋದು ಗಿಡ್ಡ, ಕಡಿದು. ಅಲ್ಲಿ ಪೂರ್ತಿ ನಿಧಾನ.

ಗೋಪಾಲಯ್ಯ ಸರ್, 14:10
ಕ್ರಮ ತಪ್ಪಿಸಬೇಡ. ಸ್ಟಾಪರ್, ಹಿಂದಿನ ಶಾಕ್, ಲಿಂಕ್ ಮೊದಲು. ಆಮೇಲೆ ಒಂದೆರಡು ದಿನ ಓಡಿಸಿ ಕಾರು ಕೂತ ಎತ್ತರ ಮತ್ತೆ ಅಳೆದು ಬುಷ್ ಸಡಿಲಿಸಿ ಬಿಗಿ ಮಾಡಿಸು. ಅಲೈನ್‌ಮೆಂಟ್ ಕೊನೆಗೆ. ಇಳಿಸಿದಾಗ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಬದಲಾಗಿರುತ್ತದೆ, ಬುಷ್‌ಗಿಂತ ಮುಂಚೆ ಮಾಡಿಸಿದರೆ ಎರಡು ಸಲ ದುಡ್ಡು.

ಪ್ರಶಾಂತ್, 14:18
ಆಯ್ತು ಸರ್. ಹೊಸ ಆರ್ಮ್ ಬೋಲ್ಟ್ ಎಡಬಲ ಸೇರಿ ಎಷ್ಟು ಬೇಕು ಅಂತ ಕೈಪಿಡಿ ನೋಡಿ, ಲಿಂಕ್ ಜೊತೆ ನಾಳೆನೇ ತರ್ತೀನಿ. ಫಾರ್ವರ್ಡ್ ಡಿಲೀಟ್ ಮಾಡಿದ್ದೀನಿ.