ಕಪಾಟು ಮುಚ್ಚುವ ಮುನ್ನ ಓವನ್‌ಗೆ ಬೇರೆ ಲೈನ್ ಎಳೆಸು, ಪುಟ್ಟೀ

ಪುಟ್ಟೀ, ನಿನ್ನೆ ರಾತ್ರಿ ನೀನು ಗುಂಪಿಗೆ ಹಾಕಿದ ಫೋಟೊಗಳನ್ನು ಈಗಷ್ಟೇ ಕನ್ನಡಕ ಹಾಕಿಕೊಂಡು, ದೊಡ್ಡದು ಮಾಡಿ ನೋಡಿದೆ. ಬರೆಯುತ್ತಾ ಕುಳಿತರೆ ಬೆರಳು ನೋಯುತ್ತದೆ, ಅದಕ್ಕೆ ಮಾತನಾಡಿಯೇ ಕಳುಹಿಸುತ್ತಿದ್ದೇನೆ. ಉದ್ದವಾಗುತ್ತದೆ, ಆದರೂ ಪೂರ್ತಿ ಕೇಳು. ಅಣ್ಣ, ಅತ್ತಿಗೆ, ನೀವೂ ಕೇಳಿ. ಬಡಗಿ ನಾಳೆ ಓವನ್ ಕೂರಿಸಿ ಕಪಾಟು ಮುಚ್ಚುತ್ತಾರೆ, ಮಿಕ್ಸಿಯ ಸಾಕೆಟ್‌ಗೇ ಪ್ಲಗ್ ಹೊಂದಿಸುವ ಒಂದು ಕನ್ವರ್ಟರ್ ಸಿಕ್ಕಿಸಿದರೆ ಸಾಕು ಎಂದಿದ್ದಾರೆ, ಹಾಗೆ ಮಾಡಬಹುದೇ ಅತ್ತೆ ಎಂದು ಕೇಳಿದ್ದೀಯ. ಮಾಡಬಾರದು. ಬಡಗಿಯವರು ಒಳ್ಳೆಯ ಕೆಲಸಗಾರರು, ಮರದ ವಿಷಯದಲ್ಲಿ ಅವರ ಮಾತು ಕೇಳು. ಇದರಲ್ಲಿ ನನ್ನ ಮಾತು ಕೇಳು. ಐಟಿಐಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ವೈರಿಂಗ್ ಕಲಿಸಿದವಳು ನಾನು.

ಓವನ್ ಬಾಗಿಲಿನ ಅಂಚಿನಲ್ಲಿರುವ ಪಟ್ಟಿಯ ಫೋಟೊ ಹಾಕಿದ್ದೀಯಲ್ಲ, ಒಳ್ಳೆಯದಾಯಿತು. ಅದರಲ್ಲಿ 3.1 ಕಿಲೋವ್ಯಾಟ್ ಎಂದಿದೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. 3100ನ್ನು 230ರಿಂದ ಭಾಗಿಸು, ಹದಿಮೂರೂವರೆ ಆಂಪಿಯರ್ ಬರುತ್ತದೆ. ಮಿಕ್ಸಿಯ ಸಾಕೆಟ್ ಇರುವುದು 6 ಆಂಪಿಯರ್‌ಗೆ. ಮಿಕ್ಸಿ ಐದು ನಿಮಿಷ ತಿರುಗಿ ನಿಲ್ಲುತ್ತದೆ. ಓವನ್ ಹಾಗಲ್ಲ, ಕೇಕಿಗೋ ಬ್ರೆಡ್ಡಿಗೋ ಇಟ್ಟರೆ ಒಂದು ಗಂಟೆ ಉರಿಯುತ್ತದೆ. ಅಷ್ಟು ಹೊತ್ತು ಎರಡರಷ್ಟು ಕರೆಂಟ್ ಎಳೆದರೆ ಸಾಕೆಟ್‌ನ ಪ್ಲಾಸ್ಟಿಕ್ ಕಂದಿ, ಪಿನ್ನಿನ ಹಿಡಿತ ಸಡಿಲವಾಗಿ, ಸಡಿಲವಾದ ಜಾಗದಲ್ಲೇ ಇನ್ನಷ್ಟು ಕಾದು, ಒಂದು ದಿನ ಕಮಟು ವಾಸನೆ ಬರುತ್ತದೆ. ಇದೆಲ್ಲ ನಡೆಯುವುದು ಮುಚ್ಚಿದ ಪ್ಲೈವುಡ್ ಕಪಾಟಿನ ಒಳಗೆ, ಯಾರ ಕಣ್ಣಿಗೂ ಬೀಳದ ಹಾಗೆ.

ಕನ್ವರ್ಟರ್ ಮಾತು ಇದಕ್ಕಿಂತ ಕೆಟ್ಟದ್ದು. ನಿನ್ನ ಓವನ್ನಿನ ಪ್ಲಗ್ ನೋಡು, ದಪ್ಪನೆಯ ದುಂಡು ಪಿನ್ನುಗಳು ಎರಡೇ ಇವೆ. ಅದು ಯುರೋಪಿನ ಮಾದರಿಯ ಪ್ಲಗ್. ಅದಕ್ಕೂ ಅರ್ಥ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ದಾರಿ, ಇದೆ, ಆದರೆ ಪಿನ್ನಿನಲ್ಲಿ ಅಲ್ಲ, ಪ್ಲಗ್ಗಿನ ಅಂಚಿನಲ್ಲಿ ಕಾಣುವ ಲೋಹದ ಪಟ್ಟಿಯಲ್ಲಿ. ನಮ್ಮ ಸಾಕೆಟ್ ಆ ಪಟ್ಟಿಯನ್ನು ಮುಟ್ಟುವುದೇ ಇಲ್ಲ. ಅಗ್ಗದ ಕನ್ವರ್ಟರ್‌ಗಳಲ್ಲಿಯೂ ಅಷ್ಟೆ. ಓವನ್ ಕಾಯುತ್ತದೆ, ದೀಪ ಹತ್ತುತ್ತದೆ, ಎಲ್ಲ ಸರಿಯಿದೆ ಎನಿಸುತ್ತದೆ. ಅರ್ಥ್ ಮಾತ್ರ ಇರುವುದಿಲ್ಲ. ಕಂಪನಿಯ ಸರ್ವಿಸ್‌ನವರಿಗೆ ಹೇಳಿ ಆ ಪ್ಲಗ್ ತೆಗೆಸಿ, ನಮ್ಮ 16 ಆಂಪಿಯರ್‌ನ ಮೂರು ಪಿನ್ ಪ್ಲಗ್ ಹಾಕಿಸು. ನೀವೇ ಕತ್ತರಿಸಿದರೆ ವಾರಂಟಿಗೆ ತಕರಾರು ಬಂದೀತು, ಕೇಳಿಕೊಂಡೇ ಮಾಡಿಸು. ಪ್ಲಗ್ ಬದಲಿಸುವಾಗ ಬಣ್ಣದ ಮೇಲೆ ಕಣ್ಣಿಟ್ಟಿರು. ಓವನ್ ವೈರಿನಲ್ಲಿ ಕಂದು ಬಣ್ಣ ಕರೆಂಟ್ ತರುವ ಫೇಸ್, ನೀಲಿ ಅದು ತಿರುಗಿ ಹೋಗುವ ನ್ಯೂಟ್ರಲ್, ಹಸಿರು-ಹಳದಿ ಅರ್ಥ್. ನಮ್ಮ ಗೋಡೆಯೊಳಗಿನ ಹಳೆಯ ಪದ್ಧತಿಯಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್. ನೀಲಿಯನ್ನು ಫೇಸ್ ಎಂದುಕೊಂಡು ಜೋಡಿಸಿದ ಹುಡುಗರನ್ನು ತರಗತಿಯಲ್ಲಿ ಎಷ್ಟು ಸಲ ತಡೆದಿದ್ದೇನೋ.

ಸ್ವಲ್ಪ ತಾಳು, ಕುಕ್ಕರ್ ಕೂಗಿತು. ಆರಿಸಿ ಬರುತ್ತೇನೆ.

ಹಾಂ, ಬಂದೆ. ಈಗ ಮಾಡಿಸಬೇಕಾದ ಕೆಲಸ. ಬಾಗಿಲ ಬಳಿಯ ಎಂಸಿಬಿ ಬಾಕ್ಸಿನಿಂದ, ಅಂದರೆ ಕರೆಂಟ್ ಹೆಚ್ಚಾದರೆ ತಾನೇ ಕಡಿಯುವ ಸ್ವಿಚ್ಚುಗಳಿರುವ ಬಾಕ್ಸಿನಿಂದ, ಓವನ್‌ಗೆಂದೇ ಒಂದು ಲೈನ್ ನೇರವಾಗಿ ಅಡುಗೆಮನೆಗೆ ಬರಬೇಕು. ನಡುವೆ ಎಲ್ಲಿಯೂ ಜೋಡಣೆ ಬೇಡ, ಅದರಿಂದ ಫ್ರಿಜ್ಜಿಗಾಗಲಿ ಚಿಮಣಿಗಾಗಲಿ ಕವಲು ಬೇಡ. ತಾಮ್ರದ ವೈರ್, 4 ಚದರ ಮಿಲಿಮೀಟರ್. ಅಂಗಡಿಯಲ್ಲಿ ‘ನಾಲ್ಕು ಎಂಎಂ’ ಎಂದರೆ ಅದನ್ನೇ ಕೊಡುತ್ತಾರೆ. ಎರಡೂವರೆಯೂ ಹೊರುತ್ತದೆ ಎಂದು ಎಲೆಕ್ಟ್ರಿಷಿಯನ್ ಹೇಳಬಹುದು, ಅದು ಸುಳ್ಳಲ್ಲ. ಆದರೆ ಪೈಪಿನೊಳಗೆ, ಏಪ್ರಿಲ್ ಬಿಸಿಲಲ್ಲಿ, ಗಂಟೆಗಟ್ಟಲೆ ಹೊರಬೇಕು. ಗೋಡೆ ಒಡೆಯುವುದು ಒಂದೇ ಸಲ, ದಪ್ಪದ್ದನ್ನೇ ಎಳೆಸು. ನ್ಯೂಟ್ರಲ್ ಕೂಡ ಅದೇ ದಪ್ಪ ಇರಲಿ. ಐಎಸ್‌ಐ ಗುರುತು, ಬೆಂಕಿ ಬೇಗ ಹಬ್ಬಗೊಡದ ವೈರ್ ಎನ್ನುವುದಕ್ಕೆ ಎಫ್‌ಆರ್ ಅಥವಾ ಎಫ್‌ಆರ್‌ಎಲ್‌ಎಸ್ ಎಂದು ವೈರಿನ ಮೈಮೇಲೆಯೇ ಅಚ್ಚಾಗಿರುತ್ತದೆ, ಓದಿ ನೋಡು. ಆ ಲೈನಿಗೆ 16 ಆಂಪಿಯರ್‌ನ ಎಂಸಿಬಿ. ವೈರ್ ದಪ್ಪ ಇದೆಯಲ್ಲ, 25 ಹಾಕೋಣ ಎಂದರೆ ಒಪ್ಪಬೇಡ. ಕೊನೆಯಲ್ಲಿರುವ ಸಾಕೆಟ್ 16ರದ್ದು, ಅದನ್ನೂ ಎಂಸಿಬಿಯೇ ಕಾಯಬೇಕು.

ಸಾಕೆಟ್ ಓವನ್ನಿನ ಬೆನ್ನ ಹಿಂದೆ ಬೇಡ. ಅಲ್ಲಿ ಬಿಸಿ ಇರುತ್ತದೆ, ಸಾಮಾನ್ಯ ಪಿವಿಸಿ ವೈರ್ 70 ಡಿಗ್ರಿಗಿಂತ ಹೆಚ್ಚು ತಡೆಯುವುದಿಲ್ಲ. ಪ್ಲಗ್ ಉಬ್ಬಿ ನಿಂತರೆ ಓವನ್ ಪೂರ್ತಿ ಒಳಗೆ ಸರಿಯುವುದೂ ಇಲ್ಲ. ಪಕ್ಕದ ಕಪಾಟಿನಲ್ಲಿ, ಬಾಗಿಲು ತೆರೆದರೆ ಕೈಗೆ ಸಿಗುವ ಜಾಗದಲ್ಲಿ ಇರಲಿ. ಜೊತೆಗೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಡಿಪಿ ಸ್ವಿಚ್ ಒಂದನ್ನು ಅಡುಗೆ ಕಟ್ಟೆಯ ಮೇಲೆ, ಒಲೆಯಿಂದ ದೂರಕ್ಕೆ ಹಾಕಿಸು. ಹೊಗೆ ಬಂದರೆ ಅತ್ತಿಗೆ ಓವನ್ ಎಳೆದು ಪ್ಲಗ್ ಕೀಳಲಾರರು, ಆ ಸ್ವಿಚ್ ಒತ್ತಬಲ್ಲರು.

ಅರ್ಥಿಂಗ್ ವಿಷಯಕ್ಕೆ ಬರುತ್ತೇನೆ. ನನಗೆ ರಾತ್ರಿ ನಿದ್ದೆ ಕೆಡಿಸಿದ್ದು ಇದೇ. ನಾನು ಮದುವೆಯಾಗಿ ಹೋದ ಹೊಸದರಲ್ಲಿ ನಾವಿದ್ದ ಬಾಡಿಗೆ ಮನೆಯಲ್ಲಿ ನಮ್ಮ ಅತ್ತೆಯವರು ದೋಸೆಗೆ ರುಬ್ಬುವಾಗ ಕಾಲಡಿಗೆ ಮಣೆ ಹಾಕಿಕೊಂಡು ನಿಲ್ಲುತ್ತಿದ್ದರು. ಯಾಕೆಂದು ಕೇಳಿದರೆ, ‘ಗ್ರೈಂಡರ್ ಮುಟ್ಟಿದರೆ ಜುಮ್ಮೆನ್ನುತ್ತದೆ, ಮಣೆ ಇದ್ದರೆ ಏನೂ ಆಗುವುದಿಲ್ಲ’ ಎಂದರು. ವರ್ಷಗಟ್ಟಲೆ ಹಾಗೇ ರುಬ್ಬಿದ್ದರು. ಬೋರ್ಡ್ ಬಿಚ್ಚಿ ನೋಡಿದೆ. ಸಾಕೆಟ್‌ಗೆ ಮೂರನೆಯ ತೂತು ಇತ್ತು, ಅದರ ಹಿಂದೆ ವೈರೇ ಇರಲಿಲ್ಲ. ಒಂದು ದಿನ ಮಣೆ ಒದ್ದೆಯಾಗಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಇಂದಿಗೂ ಮೈ ನಡುಗುತ್ತದೆ. ಓವನ್ನಿನ ಮೈ ಪೂರ್ತಿ ಲೋಹ, ಪುಟ್ಟೀ. ಒದ್ದೆ ಕೈಯಲ್ಲಿ ಹಿಡಿ ಎಳೆಯುವವಳು ನೀನು.

ಅಣ್ಣ ಮನೆ ಕಟ್ಟಿಸಿದ್ದು 1996ರಲ್ಲಿ. ಹಿತ್ತಲಲ್ಲಿ ಕರಿಬೇವಿನ ಗಿಡದ ಪಕ್ಕ ಅರ್ಥ್ ಗುಂಡಿ ಇರುವುದು ನನಗೆ ನೆನಪಿದೆ, ಇದ್ದಿಲು ಉಪ್ಪು ತುಂಬಿಸುವಾಗ ನಾನೇ ಪಕ್ಕದಲ್ಲಿ ನಿಂತಿದ್ದೆ. ಆದರೆ ಗುಂಡಿಯಲ್ಲಿ ಹೂತ ಪೈಪಿಗೆ ಬಿಗಿದ ತಂತಿ ಈಗ ತುಕ್ಕು ಹಿಡಿದು ತುಂಡಾಗಿದೆಯೋ ಏನೋ, ಎಲೆಕ್ಟ್ರಿಷಿಯನ್ ಮುಚ್ಚಳ ತೆಗೆದು ನೋಡಲಿ, ಅಳತೆಯೂ ಮಾಡಲಿ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅರ್ಥ್ ಬಲ ಕಳೆದುಕೊಳ್ಳುತ್ತದೆ, ಅಣ್ಣ, ಗಿಡಕ್ಕೆ ನೀರು ಹಾಕುವಾಗ ಆ ಗುಂಡಿಗೂ ಒಂದು ಕೊಡ ಸುರಿಯಿರಿ. ಅರ್ಥ್ ವೈರ್ ಸಿಗಲಿಲ್ಲವೆಂದು ನ್ಯೂಟ್ರಲ್‌ನಿಂದಲೇ ಒಂದು ತುಂಡು ತಂದು ಅರ್ಥ್ ಪಿನ್ನಿಗೆ ಸೇರಿಸುವವರೂ ಇದ್ದಾರೆ. ಫೇಸ್‌ಗೂ ಅರ್ಥ್‌ಗೂ ನಡುವೆ ಬಲ್ಬ್ ಹಾಕಿ ನೋಡಿದರೆ ಚೆನ್ನಾಗಿಯೇ ಉರಿಯುತ್ತದೆ, ಮೋಸ ಗೊತ್ತಾಗುವುದಿಲ್ಲ. ಎಲ್ಲಾದರೂ ನ್ಯೂಟ್ರಲ್ ಕಡಿದ ದಿನ ಓವನ್ನಿನ ಇಡೀ ಮೈಗೆ 230 ವೋಲ್ಟ್ ಬಂದು ನಿಲ್ಲುತ್ತದೆ. ಆದ್ದರಿಂದ ಬಲ್ಬನ್ನು ನಂಬಬೇಡಿ, ಬೋರ್ಡ್ ಬಿಚ್ಚಿಸಿ ಹಸಿರು ವೈರ್ ಬಾಕ್ಸಿನಿಂದಲೇ ಬಂದಿದೆಯೇ ಎಂದು ಕಣ್ಣಾರೆ ನೋಡಿ.

ನಿಮ್ಮ ಬಾಕ್ಸಿನಲ್ಲಿ ಎಂಸಿಬಿ ಇದೆ, ಆರ್‌ಸಿಸಿಬಿ ಇಲ್ಲ. ಎರಡೂ ಒಂದೇ ಅಲ್ಲವೇ ಎಂದು ಅಳಿಯಂದಿರು ಕೇಳಿದ್ದರು. ಅಲ್ಲ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನ ಮೈಯಲ್ಲಿ ಹರಿದು ಪ್ರಾಣ ತೆಗೆಯುವ ಕರೆಂಟ್ 16 ಆಂಪಿಯರ್ ಎಂಸಿಬಿಯ ಲೆಕ್ಕಕ್ಕೇ ಬರುವುದಿಲ್ಲ, ಅಷ್ಟು ಸಣ್ಣದು. ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಅಷ್ಟೇ ತಿರುಗಿ ಬಂತೇ ಎಂದು ಆರ್‌ಸಿಸಿಬಿ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್‌ನಷ್ಟು ಎಲ್ಲೋ ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ಕಡಿಯುತ್ತದೆ. ಅರ್ಥ್ ಸರಿಯಿದ್ದರೆ ಸೋರಿದ ತಕ್ಷಣ ಕಡಿಯುತ್ತದೆ, ಅರ್ಥ್ ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ ಕಡಿಯುತ್ತದೆ. ಅದಕ್ಕೇ ಎರಡೂ ಬೇಕು ಎನ್ನುವುದು. 30 ಮಿಲಿಆಂಪಿಯರ್‌ನದನ್ನೇ ಹಾಕಿಸು, ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡು.

ಓವನ್ ಹೊಸದು, ಮಳೆಗಾಲದಲ್ಲಿ ಗೋದಾಮಿನಲ್ಲಿದ್ದು ಬಂದಿರುತ್ತದೆ. ಕಾಯಿಸುವ ಕಡ್ಡಿಯೊಳಗಿನ ಪುಡಿ ತೇವ ಹೀರಿಕೊಂಡಿದ್ದರೆ ಮೊದಲ ಸಲ ಆರ್‌ಸಿಸಿಬಿ ಬಿದ್ದು ಕರೆಂಟ್ ಕಡಿಯುವುದುಂಟು. ಮತ್ತೆ ಮತ್ತೆ ಬಿದ್ದರೆ ಸರ್ವಿಸ್‌ನವರನ್ನು ಕರೆಸು. ಆರ್‌ಸಿಸಿಬಿಯನ್ನು ತಪ್ಪಿಸಿ ನೇರ ಜೋಡಿಸಿಕೊಡುತ್ತೇನೆ ಎಂದು ಯಾರೇ ಹೇಳಿದರೂ ಬೇಡ ಎನ್ನು. ಇನ್ವರ್ಟರ್ ಲೈನಿಗೂ ಈ ಓವನ್ ಸೇರದಿರಲಿ.

ಅಣ್ಣ, ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. 3 ಕಿಲೋವ್ಯಾಟ್ ಇದ್ದರೆ ಓವನ್ ಒಂದೇ ಅದನ್ನು ಮೀರಿತು. ಬೆಳಿಗ್ಗೆ 2 ಕಿಲೋವ್ಯಾಟ್‌ನ ಗೀಸರ್ ಜೊತೆಯಾದರೆ 22 ಆಂಪಿಯರ್ ದಾಟುತ್ತದೆ, ಮೇನ್ ಸ್ವಿಚ್ಚೂ ಮೀಟರಿಗೆ ಬರುವ ಹಳೆಯ ವೈರೂ ಅದನ್ನು ತಡೆಯಬೇಕು. ನಮಗೆ ಕರೆಂಟ್ ಕೊಡುವ ಸೆಸ್ಕ್ ಕಂಪನಿಯ ಕಚೇರಿಗೆ ಹೋಗಿ ಹೆಚ್ಚುವರಿ ಲೋಡ್‌ಗೆ ಅರ್ಜಿ ಕೊಡಿ. ತಿಂಗಳ ನಿಗದಿತ ಶುಲ್ಕ ಸ್ವಲ್ಪ ಏರುತ್ತದೆ, ಏರಲಿ. ಕೆಲಸವನ್ನೂ ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಮಾಡಿಸಿ.

ಪುಟ್ಟೀ, ಈಗಲೇ ಬಡಗಿಗೆ ಫೋನ್ ಮಾಡಿ ಎರಡು ದಿನ ತಡೆಯಲು ಹೇಳು. ಎಲೆಕ್ಟ್ರಿಷಿಯನ್ ಬಂದು ಬೋರ್ಡ್ ಬಿಚ್ಚಿದಾಗ ನನಗೆ ವಿಡಿಯೊ ಕರೆ ಮಾಡು. ಮಧ್ಯಾಹ್ನ ಊಟದ ನಂತರ ನಾನು ಮನೆಯಲ್ಲೇ ಇರುತ್ತೇನೆ. ಆ ಹಸಿರು ವೈರನ್ನು ಮೊದಲು ತೋರಿಸು.