ಸೇವ್ ಆದ ಮೇಲೆ ಎಂಟರ್ ಒತ್ತಿದರೆ ಇನ್ನೊಂದು ಚೀಟಿ! ಅಬಾಪ್ ಸ್ಕ್ರೀನ್‌ನಲ್ಲಿ ಬಟನ್ ಸಮಸ್ಯೆ

ಚಾಲಿಚೀಲ (ಶಿರಸಿ)

ಅಡಿಕೆ ಆವಕದ ಚೀಟಿ ಹಾಕಲು ಅಬಾಪ್ (ಎಸ್‌ಎಪಿ ತಂತ್ರಾಂಶದ ಪ್ರೋಗ್ರಾಮಿಂಗ್ ಭಾಷೆ) ಮಾಡ್ಯೂಲ್ ಪೂಲ್‌ನಲ್ಲಿ, ಅಂದರೆ ಸ್ಕ್ರೀನ್‌ಗಳಿರುವ ಪ್ರೋಗ್ರಾಮಿನಲ್ಲಿ, 100ನೇ ಸ್ಕ್ರೀನ್ ಮಾಡಿದ್ದೇನೆ. ಸದಸ್ಯ ಸಂಖ್ಯೆ, ಬಗೆ (ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು), ಚೀಲ, ತೂಕ, ದರ ಇಷ್ಟೇ ಫೀಲ್ಡ್. ತೊಂದರೆ ಮೂರು. ಸೇವ್ ಒತ್ತಿ, ಆಮೇಲೆ ಬರೀ ಎಂಟರ್ ಒತ್ತಿದರೂ ಅದೇ ಚೀಟಿ ಇನ್ನೊಮ್ಮೆ ದಾಖಲಾಗುತ್ತದೆ. ಸದಸ್ಯ ಸಂಖ್ಯೆ ಖಾಲಿ ಇದ್ದಾಗ 'ಹಿಂದೆ' ಒತ್ತಿದರೆ ಹೊರಗೆ ಬಿಡುವುದೇ ಇಲ್ಲ, ಕಡ್ಡಾಯ ಫೀಲ್ಡ್ ತುಂಬಿ ಅನ್ನುತ್ತದೆ. ತೂಕ ತಪ್ಪು ಅಂತ ಇ (ಎರರ್) ಸಂದೇಶ ಕೊಟ್ಟರೆ ಎಲ್ಲ ಫೀಲ್ಡೂ ಬೂದು ಬಣ್ಣಕ್ಕೆ ತಿರುಗಿ ತಿದ್ದಲು ಬರುವುದಿಲ್ಲ. ಕೋಡ್‌ನಲ್ಲಿ ನೇರವಾಗಿ ಎಸ್‌ವೈ-ಯುಕಾಮ್ (ಒತ್ತಿದ ಬಟನ್‌ನ ಕೋಡ್ ಕೂರುವ ಫೀಲ್ಡ್) ಮೇಲೆ ಕೇಸ್ ಬರೆದಿದ್ದೇನೆ.

ಕಾಳಿಸೇತುವೆ (ಕಾರವಾರ)

ಮೊದಲನೆಯದು ಹಳೇ ಕಾಯಿಲೆ. ನಿಮ್ಮ ಜಿಯುಐ ಸ್ಟೇಟಸ್‌ನಲ್ಲಿ (ಸ್ಕ್ರೀನಿನ ಮೆನು, ಬಟನ್, ಕೀಗಳ ಜೋಡಣೆ) ಎಂಟರ್‌ಗೆ ಫಂಕ್ಷನ್ ಕೋಡ್ ಕೊಟ್ಟಿರಲಿಕ್ಕಿಲ್ಲ. ಕೋಡ್ ಇಲ್ಲದ ಎಂಟರ್ ಒತ್ತಿದರೂ ಪಿಎಐ (ಬಳಕೆದಾರ ಏನಾದರೂ ಒತ್ತಿದ ಮೇಲೆ ಓಡುವ ಭಾಗ) ಓಡುತ್ತದೆ, ಆದರೆ ಎಸ್‌ವೈ-ಯುಕಾಮ್ ಆಗಲಿ ಓಕೆ ಫೀಲ್ಡ್ (ಸ್ಕ್ರೀನಿನಿಂದ ಅದೇ ಕೋಡ್ ತರುವ ಫೀಲ್ಡ್) ಆಗಲಿ ಬದಲಾಗುವುದಿಲ್ಲ. ಹಿಂದಿನ 'ಸೇವ್' ಅಲ್ಲೇ ಕೂತಿರುತ್ತದೆ.

ಎಸ್‌ಇ51ರಲ್ಲಿ (ಸ್ಕ್ರೀನ್ ಪೇಂಟರ್) ಎಲಿಮೆಂಟ್ ಪಟ್ಟಿಯ ಕೊನೇ ಸಾಲು, ಓಕೆ ಟೈಪಿನದು, ಹೆಸರಿಲ್ಲದೆ ಖಾಲಿ ಇರುತ್ತದೆ. ಅಲ್ಲಿ ಓಕೆ_ಕೋಡ್ ಅಂತ ಬರೆಯಿರಿ. ಟಾಪ್ ಇನ್‌ಕ್ಲೂಡ್‌ನಲ್ಲಿ ಅದೇ ಹೆಸರಿನ ವೇರಿಯೇಬಲ್, ಟೈಪ್ ಎಸ್‌ವೈ-ಯುಕಾಮ್. ಪಿಎಐ ಮಾಡ್ಯೂಲ್‌ನ ಮೊದಲ ಎರಡು ಸಾಲು ಹೀಗಿರಲಿ:

ಸೇವ್_ಓಕೆ = ಓಕೆ_ಕೋಡ್.
ಕ್ಲಿಯರ್ ಓಕೆ_ಕೋಡ್.

ಆಮೇಲೆ ಕೇಸ್ ಸೇವ್_ಓಕೆ. ಕ್ಲಿಯರ್ ಮಾಡದಿದ್ದರೆ ಪಿಬಿಒ (ಸ್ಕ್ರೀನ್ ತೋರಿಸುವ ಮೊದಲು ಓಡುವ ಭಾಗ) ಮುಗಿದಾಗ ಹಳೇ ಮೌಲ್ಯ ಸ್ಕ್ರೀನಿಗೆ ಹೋಗಿ, ಮುಂದಿನ ಎಂಟರ್‌ಗೆ ತಿರುಗಿ ಬರುತ್ತದೆ. ಎಸ್‌ವೈ-ಯುಕಾಮನ್ನೇ ಕ್ಲಿಯರ್ ಮಾಡುವ ಉಪಾಯ ಬೇಡ. ಅದು ಸಿಸ್ಟಂ ಫೀಲ್ಡ್. ನಡುವೆ ಒಂದು ಪಾಪಪ್ ಬಂದರೂ ಅದರಲ್ಲಿ ಬೇರೆ ಕೋಡ್ ಕೂರಬಹುದು. ಇನ್ನೊಂದು: ವೆನ್‌ನಲ್ಲಿ ಕೋಡನ್ನು ದೊಡ್ಡಕ್ಷರದಲ್ಲೇ ಬರೆಯಿರಿ, ಸಣ್ಣಕ್ಷರ ಹೊಂದುವುದಿಲ್ಲ, ಸಿಂಟ್ಯಾಕ್ಸ್ ತಪ್ಪೂ ತೋರಿಸುವುದಿಲ್ಲ.

'ಹಿಂದೆ' ಬಟನ್‌ಗೆ ಎಸ್‌ಇ41ರಲ್ಲಿ (ಮೆನು ಪೇಂಟರ್) ಫಂಕ್ಷನ್ ಟೈಪ್ ಇ (ಎಕ್ಸಿಟ್ ಕಮಾಂಡ್) ಕೊಡಿ. ಪಿಎಐ ಮೊದಲಿಗೆ ಒಂದು ಮಾಡ್ಯೂಲ್ ಅಟ್ ಎಕ್ಸಿಟ್-ಕಮಾಂಡ್ ಹಾಕಿ, ಒಳಗೆ ಲೀವ್ ಟು ಸ್ಕ್ರೀನ್ 0 (ಸ್ಕ್ರೀನ್ ಬಿಟ್ಟು ಹೊರಡುವ ಆಜ್ಞೆ). ಕಡ್ಡಾಯ ಫೀಲ್ಡಿನ ತಪಾಸಣೆಗೆ ಮೊದಲೇ ಇದು ಓಡುತ್ತದೆ.

ಗೋಟಡಿಕೆ

ಸೇವ್_ಓಕೆಯನ್ನು ಮಾಡ್ಯೂಲ್ ಒಳಗೆ ಡೇಟಾ ಅಂತ ಬರೆದರೂ ಅದು ಗ್ಲೋಬಲ್ಲೇ, ನೆನಪಿರಲಿ. ಇದೇ ಪ್ರೋಗ್ರಾಮಿನ 200ನೇ ಸ್ಕ್ರೀನನ್ನು ಕರೆದು ಅಲ್ಲೂ ಅದೇ ಹೆಸರು ಬಳಸಿದರೆ ವಾಪಸ್ ಬಂದಾಗ ಮೌಲ್ಯ ಬೇರೆಯದಾಗಿರುತ್ತದೆ. ಮಾಡ್ಯೂಲ್‌ನಿಂದ ಒಂದು ಮೆಥಡ್ ಕರೆದು ಲೋಕಲ್ ಆಗಿ ಇಟ್ಟುಕೊಳ್ಳುವುದು ನನ್ನ ಪ್ರಕಾರ ವಾಸಿ.

ಬೂದು ಫೀಲ್ಡಿನ ವಿಷಯ ಯಾರೂ ಮುಟ್ಟಲಿಲ್ಲ. ಯಾವ ಫೀಲ್ಡಿಗೂ ಕಟ್ಟದ ಮಾಡ್ಯೂಲ್‌ನಲ್ಲಿ ಇ ಸಂದೇಶ ಕೊಟ್ಟರೆ ಯಾವ ಫೀಲ್ಡೂ ತೆರೆಯುವುದಿಲ್ಲ. ಫ್ಲೋ ಲಾಜಿಕ್‌ನಲ್ಲಿ (ಸ್ಕ್ರೀನಿನ ಮಾಡ್ಯೂಲ್‌ಗಳ ಕ್ರಮ ಬರೆಯುವ ಜಾಗ) ಕಟ್ಟಿ:

ಚೈನ್.
ಫೀಲ್ಡ್: ಚೀಲ, ತೂಕ.
ಮಾಡ್ಯೂಲ್ ತೂಕ_ನೋಡು ಆನ್ ಚೈನ್-ರಿಕ್ವೆಸ್ಟ್.
ಎಂಡ್‌ಚೈನ್.
ಮಾಡ್ಯೂಲ್ ಯೂಸರ್_ಕಮಾಂಡ್_0100.

ಈ ಕ್ರಮ ಮುಖ್ಯ. ಫೀಲ್ಡ್ ಸಾಲಿನಲ್ಲಿ ಬರುವ ಮೌಲ್ಯಗಳು ಆ ಸಾಲು ಓಡಿದಾಗ ಮಾತ್ರ ಪ್ರೋಗ್ರಾಮಿಗೆ ದಾಟುತ್ತವೆ. ಉಳಿದವು ಪಿಎಐ ಶುರುವಿನಲ್ಲೇ ದಾಟಿರುತ್ತವೆ. ಯೂಸರ್_ಕಮಾಂಡ್ ಮಾಡ್ಯೂಲನ್ನು ಚೈನ್‌ಗಿಂತ ಮೇಲಿಟ್ಟು, 195 ಕೆಜಿಯನ್ನು 192 ಅಂತ ತಿದ್ದಿ ಸೇವ್ ಒತ್ತಿ ನೋಡಿ: ಟೇಬಲ್‌ಗೆ 195 ಹೋಗಿರುತ್ತದೆ, ಸ್ಕ್ರೀನ್ ಮೇಲೆ ಮಾತ್ರ 192. ಡಿಬಗ್ಗರ್‌ನಲ್ಲಿ ಕೂತು ತಲೆ ಕೆರೆದುಕೊಳ್ಳುವ ತಪ್ಪು ಇದು.

ಪಿಬಿಒದಲ್ಲಿ ನೀವೇ ತುಂಬುವ ದರಕ್ಕೆ ಆನ್ ಚೈನ್-ರಿಕ್ವೆಸ್ಟನ್ನು ನೆಚ್ಚಬೇಡಿ. ಬಳಕೆದಾರ ಮುಟ್ಟದ ಫೀಲ್ಡಿಗೆ ಅದು ಓಡುವುದೇ ಇಲ್ಲ. ದರದ ತಪಾಸಣೆಗೆ ಬೇರೆ ಚೈನ್ ಮಾಡಿ, ಅಲ್ಲಿ ಷರತ್ತಿಲ್ಲದ ಮಾಡ್ಯೂಲ್ ಇಡಿ.

ಚಾಲಿಚೀಲ (ಶಿರಸಿ)

ಎಂಟರ್ ಸರಿಯಾಯ್ತು, ತೂಕದ ಫೀಲ್ಡೂ ತೆರೆಯಿತು. ಮೇಲಿನ 'ಹಿಂದೆ' ಕೆಲಸ ಮಾಡುತ್ತದೆ. ಆದರೆ ಸ್ಕ್ರೀನ್ ಮೇಲೇ ಬಿಡಿಸಿದ 'ರದ್ದು' ಬಟನ್ ಮಾತ್ರ ಇನ್ನೂ ಕಡ್ಡಾಯ ಫೀಲ್ಡ್ ಕೇಳುತ್ತದೆ ಮಾರಾಯ್ರೆ. ಅದಕ್ಕೆ 'ಬಿಟ್ಟುಹೋಗಲೇ?' ಅನ್ನುವ ಪ್ರಶ್ನೆಯೂ ಬೇಕು.

ಕಾಳಿಸೇತುವೆ (ಕಾರವಾರ)

ಸ್ಕ್ರೀನ್ ಮೇಲಿನ ಬಟನ್‌ಗೆ ಅದರದೇ ಗುಣಲಕ್ಷಣ ಇದೆ. ಲೇಔಟ್‌ನಲ್ಲಿ ಬಟನ್ ಮೇಲೆ ಡಬಲ್ ಕ್ಲಿಕ್ ಮಾಡಿ, ಅಲ್ಲೂ ಫಂಕ್ಷನ್ ಟೈಪ್ ಇ ಹಾಕಿ, ಸ್ಕ್ರೀನ್ ಆಕ್ಟಿವೇಟ್ ಮಾಡಿ.

ಪ್ರಶ್ನೆಗೆ ಪಾಪಪ್_ಟು_ಕನ್ಫರ್ಮ್ ಅನ್ನುವ ಸಿದ್ಧ ಫಂಕ್ಷನ್ ಸಾಕು: ಉತ್ತರ 1 ಅಂದರೆ ಹೌದು, 2 ಅಂದರೆ ಇಲ್ಲ, ಎ ಅಂದರೆ ರದ್ದು. 1 ಬಂದರೆ ಮಾತ್ರ ಲೀವ್ ಟು ಸ್ಕ್ರೀನ್ 0. ಕಿರಿಕಿರಿ ಇರುವುದು 'ಇಲ್ಲ' ಅಂದಾಗ. ಲೀವ್ ಟು ಸ್ಕ್ರೀನ್ 100 ಕೊಟ್ಟರೆ ಬಳಕೆದಾರ ಬರೆದದ್ದು ಮಾಯ, ಯಾಕೆಂದರೆ ಎಕ್ಸಿಟ್ ಮಾಡ್ಯೂಲ್‌ಗೆ ದಾಟುವುದು ಓಕೆ_ಕೋಡ್ ಒಂದೇ. ಏನೂ ಮಾಡದೆ ಬಿಟ್ಟರೆ ಮಾಮೂಲಿ ಪಿಎಐ ಮುಂದುವರಿದು ಖಾಲಿ ಫೀಲ್ಡಿನ ತಪ್ಪು ಸಂದೇಶ ಬರುತ್ತದೆ, ಆದರೆ ತುಂಬಿದ್ದು ಉಳಿಯುತ್ತದೆ. ನಾಲ್ಕಾರು ಫೀಲ್ಡ್ ತುಂಬಿದವನಿಗೆ ಎರಡನೆಯದೇ ಮೇಲು. ಎಕ್ಸಿಟ್ ಮಾಡ್ಯೂಲ್ ಒಳಗೂ ಓಕೆ_ಕೋಡ್ ಕ್ಲಿಯರ್ ಮಾಡಿ, ಇಲ್ಲವಾದರೆ ರದ್ದಿನ ಕೋಡ್ ಹಾಗೇ ಜಾರಿ ಕೆಳಗಿನ ಯೂಸರ್_ಕಮಾಂಡ್‌ಗೂ ಹೋಗುತ್ತದೆ.