ಐ3-2100 ತೆಗೆದು ಐ5-3470 ಹಾಕಿದರೆ ಪರದೆ ಕಪ್ಪು: ಸಾಕೆಟ್ ಒಂದೇ ಆದರೂ ಏಕೆ?

ಪ್ರಶ್ನೆ (ಶಹಾಪುರ, ಯಾದಗಿರಿ ಜಿಲ್ಲೆ):
ಮಾನ್ಯರೇ, ನಮ್ಮ ಡಿಟಿಪಿ ಅಂಗಡಿಯಲ್ಲಿ 2011ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್ ಒಂದಿದೆ. ಎಚ್61 ಮದರ್‌ಬೋರ್ಡ್, ಐ3-2100 ಪ್ರೊಸೆಸರ್, 4 ಜಿಬಿಯ ಒಂದು ಡಿಡಿಆರ್3 ರ‍್ಯಾಮ್ ಅದರಲ್ಲಿವೆ. ಲಗ್ನಪತ್ರಿಕೆಗಳ ಹಂಗಾಮಿನಲ್ಲಿ ಕೋರೆಲ್ ಮತ್ತು ಫೋಟೋಶಾಪ್ ಎರಡನ್ನೂ ತೆರೆದರೆ ಯಂತ್ರ ತೂಕಡಿಸುತ್ತದೆ ಎಂದು ಸಿಕಂದರಾಬಾದಿನಿಂದ ಬಳಸಿದ ಐ5-3470 ತರಿಸಿದೆ. ಎರಡೂ ಎಲ್‌ಜಿಎ 1155 ಎಂಬ ಒಂದೇ ಸಾಕೆಟ್ಟಿನವು (ಪ್ರೊಸೆಸರ್ ಕೂರುವ ಜಾಗ) ಆದ್ದರಿಂದ ಸರಿಯಾಗಿಯೇ ಕುಳಿತಿತು. ಆದರೆ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಬೀಪ್ ಬರುವುದಿಲ್ಲ, ಪರದೆಯಲ್ಲಿ ಏನೂ ಮೂಡುವುದಿಲ್ಲ. ಹಳೆಯದನ್ನು ಹಾಕಿದರೆ ಎಲ್ಲವೂ ಸರಿ. ಚಿಪ್ ಕೆಟ್ಟಿದೆಯೆಂದು ಹಿಂದಿರುಗಿಸಲೇ?

ಉತ್ತರ (ಕಲಬುರಗಿ):
ಈಗಲೇ ಹಿಂದಿರುಗಿಸಬೇಡಿ. ತಮ್ಮ ಐ3 2011ರ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯದು. ಐ5-3470 ಮರುವರ್ಷ ಬಂದ ಐವಿ ಬ್ರಿಡ್ಜ್. ಸಾಕೆಟ್ ಒಂದೇ ಆದರೂ, ಐವಿ ಬ್ರಿಡ್ಜ್ ಹುಟ್ಟುವ ಮೊದಲೇ ಕಾರ್ಖಾನೆಯಿಂದ ಹೊರಟ ಬೋರ್ಡಿನ ಬಯೋಸ್‌ಗೆ (ಸ್ವಿಚ್ ಒತ್ತಿದೊಡನೆ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಆ ಚಿಪ್ಪಿನ ಗುರುತೇ ಇರುವುದಿಲ್ಲವಾದ್ದರಿಂದ, ಅದು ಪರದೆಯವರೆಗೂ ಬಾರದೆ ನಿಂತುಬಿಡುತ್ತದೆ. ಬಳಸಿದ ಪ್ರೊಸೆಸರ್ ಕೆಡುವುದು ಅಪರೂಪ; ನಾನು ಮೊದಲು ಬಯೋಸನ್ನೇ ಅನುಮಾನಿಸುತ್ತೇನೆ.

ಐ3 ಹಾಕಿರುವಾಗಲೇ ಈ ಕೆಲಸ ಮುಗಿಸಬೇಕು. ಬೋರ್ಡಿನ ಮೇಲೆ ಅಚ್ಚಾಗಿರುವ ಮಾದರಿಯ ಹೆಸರನ್ನೂ ರಿವಿಜನ್ ಸಂಖ್ಯೆಯನ್ನೂ ಬರೆದುಕೊಂಡು, ತಯಾರಕರ ಜಾಲತಾಣದ ಪ್ರೊಸೆಸರ್ ಪಟ್ಟಿಯಲ್ಲಿ ಐ5-3470ರ ಎದುರು ಯಾವ ಬಯೋಸ್ ಆವೃತ್ತಿ ಇದೆಯೆಂದು ನೋಡಿ. ತಮ್ಮಲ್ಲಿರುವ ಆವೃತ್ತಿ ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಕಾಣುತ್ತದೆ. ಕೆಲವು ಬೋರ್ಡುಗಳು ಒಂದೇ ನೆಗೆತಕ್ಕೆ ಕೊನೆಯ ಆವೃತ್ತಿಗೆ ಹೋಗಗೊಡುವುದಿಲ್ಲ, ನಡುವಿನದೊಂದನ್ನು ಮೊದಲು ಹಾಕಬೇಕಾಗುತ್ತದೆ. ಆದ್ದರಿಂದ ಡೌನ್‌ಲೋಡ್ ಪುಟದ ಸೂಚನೆಯನ್ನು ಪೂರ್ತಿ ಓದಿ. ಯುಪಿಎಸ್ ಬ್ಯಾಟರಿ ಗಟ್ಟಿಯಾಗಿದೆಯೆಂದು ಖಾತ್ರಿಯಾಗದೆ ಆರಂಭಿಸಲೇಬೇಡಿ: ಬಯೋಸ್ ಬರೆಯುವ ನಡುವೆ ಕರೆಂಟು ಹೋದರೆ ಬೋರ್ಡೇ ಕೈಕೊಡಬಹುದು.

ಪಟ್ಟಿಯಲ್ಲಿ ಐವಿ ಬ್ರಿಡ್ಜ್ ಹೆಸರೇ ಇಲ್ಲದಿದ್ದರೆ ಐ5-2400 ತೆಗೆದುಕೊಳ್ಳಿ; ಅದಕ್ಕೂ ನಾಲ್ಕು ಕೋರ್‌ಗಳಿವೆ, ಆದರೆ 95 ವ್ಯಾಟ್ ಶಾಖ ಬಿಡುತ್ತದೆ. ಐ5-3350ಪಿ ಅಗ್ಗಕ್ಕೆ ಸಿಕ್ಕರೂ ಬೇಡ. ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಇಲ್ಲದೆ ಮತ್ತೆ ಇದೇ ಕಪ್ಪು ಪರದೆ.

ಪ್ರಶ್ನೆ ಕೇಳಿದವರು:
ಬಯೋಸ್ ಹೊಸದಾದ ಮೇಲೆ ಐ5 ಹಾಕಿದೆ. ಎರಡು ಸಲ ತಾನಾಗಿಯೇ ಆಫ್ ಆಗಿ ಆನ್ ಆದ ಬಳಿಕ ಪರದೆಯಲ್ಲಿ 3470 ಎಂಬ ಹೆಸರು ಬಂತು! ಆದರೆ ಅರ್ಧ ಗಂಟೆಯ ಕೆಲಸಕ್ಕೇ ಫ್ಯಾನ್ ಜೋರಾಗಿ ಕೂಗುತ್ತದೆ.

ಉತ್ತರ (ಕಲಬುರಗಿ):
ಐ3 65 ವ್ಯಾಟಿನದು, ಇದು 77. ಪ್ರೊಸೆಸರ್ ಮೇಲೆ ಕೂರುವ ಹಳೆಯ ಕೂಲರ್ ಇಷ್ಟನ್ನು ತಾಳುತ್ತದೆ, ಆದರೆ ಸ್ವಚ್ಛವಾಗಿರಬೇಕು. ನಮ್ಮ ಕಡೆಯ ಧೂಳು ಅದರ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಕಂಬಳಿಯಂತೆ ಹೆಣೆದುಕೊಂಡಿರುತ್ತದೆ. ಫ್ಯಾನ್ ಬಿಚ್ಚಿದರೆ ಮಾತ್ರ ಕಾಣುತ್ತದೆ. ಅದನ್ನು ಬ್ರಷ್‌ನಿಂದ ತೆಗೆದು, ಪ್ರೊಸೆಸರ್ ಮತ್ತು ಕೂಲರ್ ನಡುವೆ ಶಾಖ ದಾಟಿಸುವ ಒಣಗಿದ ಪೇಸ್ಟ್ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ಹಾಕಿ. ಕೂಲರಿನ ನಾಲ್ಕು ಪಿನ್‌ಗಳಲ್ಲಿ ಎದುರುಬದುರು ಮೂಲೆಯವನ್ನು ಜೋಡಿಯಾಗಿ ಒತ್ತಿ. ಒಂದು ಸಡಿಲವಾದರೂ ಬೇಸಿಗೆಯ 40 ಡಿಗ್ರಿ ದಾಟಿದ ಮಧ್ಯಾಹ್ನ ಯಂತ್ರ ನಿಧಾನವಾಗುತ್ತದೆ. ಇದಾದ ಮೇಲೆ ಅದೇ ಬಗೆಯ ಇನ್ನೊಂದು 4 ಜಿಬಿ ರ‍್ಯಾಮ್ ಸೇರಿಸಿ. ಫೋಟೋಶಾಪ್ ತೂಕಡಿಸುತ್ತಿದ್ದುದರಲ್ಲಿ ಅರ್ಧ ಪಾಲು ರ‍್ಯಾಮ್ ಸಾಲದ್ದರದ್ದೇ ಎಂಬುದು ನನ್ನ ಅಂದಾಜು.